ಲೈಟ್ ಟೆಂಟ್ ತಗೊಳ್ಳಿ, ಅದರ ಜೊತೆ ಬರುವ ಲೈಟ್ ನಂಬಬೇಡಿ

2020ರ ನವೆಂಬರ್‌ನಲ್ಲಿ ಆನ್‌ಲೈನಲ್ಲಿ ಒಂದು ಲೈಟ್ ಟೆಂಟ್ ತರಿಸಿದ್ದೆ, ಸಣ್ಣ ವಸ್ತುಗಳನ್ನು ಒಳಗಿಟ್ಟು ಫೋಟೋ ತೆಗೆಯೋಕೆ. 60 ಸೆಂ.ಮೀ. ಅಳತೆಯ ಬಿಳಿ ಬಟ್ಟೆಯ ಡಬ್ಬ, ಒಳಗೆ ಎರಡು ಎಲ್‌ಇಡಿ ಪಟ್ಟಿ, ನಾಲ್ಕು ಬಣ್ಣದ ಹಿನ್ನೆಲೆ ಬಟ್ಟೆ. 1,850 ರೂಪಾಯಿ ಆಗಿತ್ತು. ಇಷ್ಟು ದಿನ ಬಳಸಿದ ಮೇಲೆ ಈಗ ಬರೆಯುತ್ತಿದ್ದೇನೆ, ಯಾಕೆಂದರೆ ತುಮಕೂರಿನಲ್ಲಿ ಗೊತ್ತಿರುವವರು ಇಬ್ಬರು ಮೊನ್ನೆ ಇದರ ಬಗ್ಗೆ ಕೇಳಿದರು.

ನಾನು ತರಿಸಿದ್ದು ನಮ್ಮ ಮಾವನವರಿಗೋಸ್ಕರ. ಗುಬ್ಬಿ ಹತ್ತಿರ ಅವರ ತೆಂಗಿನ ತೋಟ. ಲೈಸೆನ್ಸ್ ಮೇಲೆ ಮೂರು ಇದ್ದವು: ಅವರ ತಂದೆ ಕಾಲದ ವೆಬ್ಲಿ ಅಂಡ್ ಸ್ಕಾಟ್ ಪಿಸ್ತೂಲು, ಒಂದು ಕೋಲ್ಟ್ 1903 ಪಿಸ್ತೂಲು, ಮತ್ತೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್. ಮೂರೂ .32 ಬೋರಿನವು, ಅಂದರೆ ನಳಿಗೆಯ ಅಳತೆ. 2019ರ ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತಲ್ವಾ, ಒಬ್ಬರ ಹತ್ತಿರ ಮೂರು ಇರಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು, ಹೆಚ್ಚಿಗೆ ಇರುವುದನ್ನು ಒಂದು ವರ್ಷದೊಳಗೆ ಪೊಲೀಸ್ ಸ್ಟೇಷನ್‌ಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕಿತ್ತು. ಕೋಲ್ಟ್ ಕೊಡುವುದು ಅಂತ ತೀರ್ಮಾನವಾಯಿತು. "ಹೋಗೋಕೆ ಮುಂಚೆ ಮೂರೂ ಜೊತೆಗಿರೋ ಒಂದು ಒಳ್ಳೆ ಫೋಟೋ ತೆಗೆದುಕೊಡಿ" ಅಂದರು. ಫೋನಲ್ಲಿ ತೆಗೆದರೆ ಸಾಲದು ಅಂತ ನನಗೆ ಅವತ್ತೇ ಗೊತ್ತಾಯಿತು.

ಟೆಂಟ್ ಜೋಡಿಸಿ ಲೈಟ್ ಹಾಕಿದೆ. ಮೊದಲ ಫೋಟೋದಲ್ಲೇ ಬೇಜಾರಾಯಿತು. ಹಳೇ ಪಿಸ್ತೂಲಿನ ಉಕ್ಕಿನ ಮೇಲೆ ಕಡುನೀಲಿ ಹೊಳಪಿರುತ್ತೆ, ಬ್ಲೂಯಿಂಗ್ ಅಂತಾರೆ. ಅದು ಕನ್ನಡಿಯ ಹಾಗೆ. ಪಟ್ಟಿಯ ಒಂದೊಂದು ಎಲ್‌ಇಡಿಯೂ ಸಾಲಾಗಿ, ಸೀರಿಯಲ್ ಸೆಟ್ ಹಾಕಿದ ಹಾಗೆ ಉಕ್ಕಿನ ಮೇಲೆ ಕೂತಿತ್ತು. ಮೇಲೆ ಸ್ವಲ್ಪ ಹಸಿರು ಛಾಯೆ ಬೇರೆ. ಬೆಳಕು ಕಮ್ಮಿ ಮಾಡಿದರೆ ಫೋಟೋದಲ್ಲಿ ಅಡ್ಡ ಪಟ್ಟೆ. ಬೇರೆ ಲೈಟ್ ಕಳಿಸಿ ಅಂತ ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಲೈಟಿಗೆ ನನ್ನ ಅಂಕ ಸೊನ್ನೆ.

ಆದರೆ ಟೆಂಟ್ ಬಟ್ಟೆ ಚೆನ್ನಾಗಿದೆ, ನಿಜವಾಗಲೂ ಚೆನ್ನಾಗಿದೆ. ಎಲ್‌ಇಡಿ ಕಿತ್ತು ಪಕ್ಕಕ್ಕಿಟ್ಟು, ಟೆಂಟನ್ನು ಪಡಸಾಲೆಯ ಉತ್ತರದ ಕಿಟಕಿಗೆ ಒತ್ತಿ ಇಟ್ಟೆ. ಹೊರಗಿನ ಬೆಳಕು ಬಟ್ಟೆ ದಾಟಿ ಒಳಗೆ ಬಂದಾಗ ಆ ಚುಕ್ಕೆಗಳೆಲ್ಲ ಹೋಗಿ ಉಕ್ಕಿನ ಮೇಲೆ ಒಂದೇ ಸಮನೆ ಹಾಲಿನಂಥ ಹೊಳಪು. ಈಗ ಇನ್ನೊಂದು ತೊಂದರೆ. ಸುತ್ತ ಬಿಳಿಯೇ ಇರುವುದರಿಂದ ಕಪ್ಪು ಪಿಸ್ತೂಲು ಬೂದಿ ಬಣ್ಣಕ್ಕೆ ತಿರುಗಿ ಅಂಚೇ ಕಾಣುತ್ತಿರಲಿಲ್ಲ. ಸ್ಟೇಷನರಿ ಅಂಗಡಿಯ ಕಪ್ಪು ಚಾರ್ಟ್ ಪೇಪರನ್ನು ಎರಡು ಬೆರಳಗಲ ಕತ್ತರಿಸಿ, ಫ್ರೇಮಿಗೆ ಬೀಳದ ಹಾಗೆ ಎರಡೂ ಪಕ್ಕ ನಿಲ್ಲಿಸಿದೆ. ಅಂಚಿಗೆ ಕಪ್ಪು ಗೆರೆ ಎಳೆದಂತಾಯಿತು. ಹತ್ತು ರೂಪಾಯಿ ಪೇಪರ್ ಮಾಡಿದ ಕೆಲಸ ಅದು.

ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಸುಮ್ನೆ ದುಡ್ಡು ಹಾಕಬೇಡಿ. ಗಾಜು, ನೀರು, ಪಾಲಿಶ್ ಮಾಡಿದ ಮರ, ಇವುಗಳಿಗೆ ಅದು ಕೆಲಸ ಮಾಡುತ್ತೆ. ಬರೀ ಲೋಹದ ಹೊಳಪಿಗೆ ಹೆಚ್ಚೇನೂ ಮಾಡಲ್ಲ. ನನಗೆ ಅದು ಉಪಯೋಗಕ್ಕೆ ಬಂದದ್ದು ಕೋಲ್ಟಿನ ಮರದ ಹಿಡಿಗೆ ಮಾತ್ರ.

ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು) 100, ಲೆನ್ಸಿನ ಕಿಂಡಿ ಎಫ್ 11. ಸುತ್ತ ಬಿಳಿ ಜಾಸ್ತಿ ಇದ್ದರೆ ಕ್ಯಾಮೆರಾ ಮೋಸ ಹೋಗಿ ಫೋಟೋ ಕಪ್ಪು ಮಾಡುತ್ತೆ, ಅದಕ್ಕೆ ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು, ಜಾಸ್ತಿ ಕೊಡಿ.

ಕೋಲ್ಟಿನ ಒಂದು ಬದಿಯಲ್ಲಿ ಕಂಪನಿಯ ಗುರುತಾಗಿ ಮುಂಗಾಲೆತ್ತಿ ನಿಂತ ಒಂದು ಪುಟ್ಟ ಕುದುರೆ ಕೆತ್ತಿದೆ, ಉಗುರಿನಷ್ಟು. ಸವೆದು ಸವೆದು ಕಣ್ಣಿಗೆ ಬರೀ ಗೀಚಿದ ಹಾಗೆ ಕಾಣುತ್ತಿತ್ತು. ಟೆಂಟಿನ ಒಂದು ಪಕ್ಕ ತೆಗೆದು ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ ಬೆಳಕು ಬಿಟ್ಟೆ. ಕುದುರೆಯ ಬಾಲದ ಎಳೆ ಕೂಡ ಎದ್ದು ಬಂತು. ಪಕ್ಕದಲ್ಲಿ ಪೇಟೆಂಟಿನ ತಾರೀಖು, 1897, 1903. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಮಾವ ಕನ್ನಡಕ ಒರೆಸಿಕೊಂಡು ತುಂಬಾ ಹೊತ್ತು ನೋಡಿದರು. ನಲವತ್ತು ವರ್ಷ ಎಣ್ಣೆ ಹಚ್ಚಿದ್ದೀನಿ, ಈ ಕುದುರೆ ಮುಖ ಇವತ್ತೇ ನೋಡಿದ್ದು ಅಂದರು. ವೆಬ್ಲಿ ಹಾಗಲ್ಲ, ಬಡಗಿಯ ಮೂಲೆಮಟ್ಟದ ಹಾಗೆ ನೆಟ್ಟಗೆ, ಅದಕ್ಕೆ ಪಕ್ಕದಿಂದ ತೆಗೆದ ಒಂದೇ ಫೋಟೋ ಸಾಕಾಯಿತು.

ಯಾರಾದರೂ ಇಂಥ ಫೋಟೋ ತೆಗೆಯುವುದಿದ್ದರೆ ಒಂದು ಮಾತು. ಲೈಸೆನ್ಸ್ ಇರುವವರು ಪೂರ್ತಿ ಹೊತ್ತು ಪಕ್ಕದಲ್ಲೇ ಇರಲಿ. ಮಾವ ನಾನು ಮುಟ್ಟುವ ಮುಂಚೆ ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆಳೆದು ಒಳಗೆ ಖಾಲಿ ಇದೆ ಅಂತ ತೋರಿಸಿದರು, ರಿವಾಲ್ವರನ್ನು ಬಗ್ಗಿಸಿ ಆರೂ ತೂತು ತೋರಿಸಿದರು. ಗುಂಡುಗಳು ಬೇರೆ ಕೋಣೆಯ ಬೀರುವಿನಲ್ಲಿದ್ದವು. ಹತ್ತಿ ಗ್ಲೌಸ್ ಹಾಕಿಕೊಳ್ಳಿ, ಬೆರಳಿನ ಬೆವರಿಗೆ ಉಕ್ಕು ತುಕ್ಕು ಹಿಡಿಯುತ್ತೆ. ಎಣ್ಣೆ ಪೂರ್ತಿ ಒರೆಸಿ ಫೋಟೋ ತೆಗೆಯಿರಿ, ಮುಗಿದ ಮೇಲೆ ಮತ್ತೆ ತೆಳ್ಳಗೆ ಹಚ್ಚಿ. ಪಿಸ್ತೂಲಿನ ಮೇಲಿನ ನಂಬರ್ ಕಾಣುವ ಫೋಟೋ ಯಾರಿಗೂ ಕಳಿಸಬೇಡಿ. ಕೈಯಲ್ಲಿ ಹಿಡಿದು ಸ್ಟೇಟಸ್ ಹಾಕುವುದಂತೂ ಬೇಡವೇ ಬೇಡ, ಅದರಿಂದ ಕೇಸ್ ಆಗಿ ಲೈಸೆನ್ಸ್ ಹೋಗಬಹುದು.

ಕೋಲ್ಟ್ ಡಿಸೆಂಬರ್ ಮೊದಲ ವಾರ ಹೋಯಿತು. ಮೂರೂ ಇರುವ ಫೋಟೋ ಮಾವನವರ ಹಾಲ್‌ನಲ್ಲಿದೆ.

ಟೆಂಟ್ ಇನ್ನೂ ಇದೆ. ಒಂದು ಜಿಪ್ ಹೋಗಿದೆ, ಬಿಳಿ ಬಟ್ಟೆ ಸ್ವಲ್ಪ ಹಳದಿಯಾಗಿದೆ. ಆಮೇಲೆ ಇದರಲ್ಲೇ ಅತ್ತೆಯವರ ಬೆಳ್ಳಿ ಕುಂಕುಮಭರಣಿ, ಹಿತ್ತಾಳೆ ದೀಪ ಎಲ್ಲ ತೆಗೆದಿದ್ದೇನೆ. ಮೂರು ಪಿಸ್ತೂಲು ಒಟ್ಟಿಗೆ ಇಡುವಾಗ 60 ಇಕ್ಕಟ್ಟಾಯಿತು. ನೀವು ತಗೊಳ್ಳುವುದಾದರೆ 80 ಸೆಂ.ಮೀ.ದು ತಗೊಳ್ಳಿ, ಲೈಟ್ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು.