ಮೈಕ್ರೋಸಾಫ್ಟ್ ಬಿಟ್ಟು ಎಕ್ಸ್-ಪ್ಲೇನ್ 12ಕ್ಕೆ ಬಂದರೆ

ಎರಡೂ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ಗಳು; ಕಲಬುರಗಿಯ ಆಕಾಶದಲ್ಲಿ ಹಾರಿಸಿದರೆ ಅವುಗಳ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ನೆಲದ ಚಿತ್ರವನ್ನು ಹಾರಾಟದ ನಡುವೆಯೇ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಊರು, ಹೊಲ ಗುರುತು ಸಿಗುತ್ತವೆ, ನೆಟ್ ನಿಧಾನವಾದರೆ ಎಲ್ಲವೂ ಮಸುಕು. ಎಕ್ಸ್-ಪ್ಲೇನ್ 12ರ ನೆಲ ಡಿಸ್ಕ್‌ನಲ್ಲೇ ಇರುತ್ತದೆ. ನೋಡಲು ಸಪ್ಪೆ, ನಿಜ. ಆದರೆ ರೆಕ್ಕೆ, ಪ್ರೊಪೆಲ್ಲರ್‌ಗಳನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿನ ಮೇಲಿನ ಬಲವನ್ನು ಲೆಕ್ಕ ಹಾಕುವ ಅದರ ಹಾರಾಟ ಬಹಳ ಚೆನ್ನ. ಟೇಕಾಫ್‌ನಲ್ಲಿ ಸೆಸ್ನಾ 172 ಎಂಬ ಸಣ್ಣ ವಿಮಾನ ಎಡಕ್ಕೆ ಎಳೆಯುವುದು ದೋಷವಲ್ಲ, ಬಲಗಡೆಗೆ ರಡ್ಡರ್ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಫಲಕ) ಕೊಡಿ.

ಮೈಕ್ರೋಸಾಫ್ಟ್‌ನಲ್ಲಿ ಮಾಡಿಕೊಂಡ ಹಳೆಯ ಬಟನ್ ಜೋಡಣೆ ಎಕ್ಸ್-ಪ್ಲೇನ್‌ಗೆ ಬರುವುದಿಲ್ಲ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಜಾಯ್‌ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ: ಕಡ್ಡಿಯನ್ನು ಎಲ್ಲ ಅಂಚಿಗೂ ಮುಟ್ಟಿಸಿ, ಕೊನೆಗೆ ನಡುವೆ ಬಿಡಿ. ನಡು ತಪ್ಪಿದರೆ ಕೈ ಬಿಟ್ಟರೂ ವಿಮಾನ ವಾಲುತ್ತಲೇ ಇರುತ್ತದೆ. ಕೊಳ್ಳುವ ಮುಂಚೆ ಉಚಿತ ಡೆಮೊದಲ್ಲಿ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಸಾಲುತ್ತದೆಯೇ ನೋಡಿಕೊಳ್ಳಿ.