ತಗ್ಗಿಸಿದ ಕಾರಿಗೆ ವೀಲ್ ಅಲೈನ್‌ಮೆಂಟ್: ನಾಲ್ಕು ದಾರಿ ಹಿಡಿದು ನೋಡಿದ್ದು

ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ಅಡ್ಡಡ್ಡ ಸವರಿದೆ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದ ಹಲ್ಲು. ಒಳ ಅಂಚಿಗೆ ಬೆರಳು ತಾಗಿದಾಗ ರಬ್ಬರ್ ಇರಲಿಲ್ಲ, ದಾರ ಕೈಗೆ ಸಿಕ್ಕಿತು. ಹೊರಗಿನಿಂದ ನೋಡಿದರೆ ಆ ಟೈರ್ ಇನ್ನೂ ಅರ್ಧ ಆಯಸ್ಸು ಉಳಿದಂತೆ ಕಾಣುತ್ತಿತ್ತು. ಹಾಕಿಸಿ 7,000 ಕಿ.ಮೀ. ಅಷ್ಟೇ ಆಗಿತ್ತು.

ಕಾರು ಮಜ್ದಾ ಎಂಎಕ್ಸ್-5, ಎರಡನೇ ತಲೆಮಾರಿನದು. ಸುಮಾರು ಸಾವಿರ ಕಿಲೋ ತೂಕ, 2,265 ಮಿ.ಮೀ. ವೀಲ್‌ಬೇಸ್, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುತ್ತದೆ. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಡ್ಯಾಂಪರ್ ಜೋಡಿ) ಹಾಕಿ 30 ಮಿ.ಮೀ. ಕೆಳಗಿಳಿಸಿದ್ದೆ. ಇಳಿಸಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವ ಕೆಲಸ, ಮಾಡಿಸಲೇಬೇಕು ಅಂತ ಗೊತ್ತಿತ್ತು, ಮಾಡಿಸಿಯೂ ಇದ್ದೆ. ಆದರೆ ಮಾಡಿಸುವುದಕ್ಕೂ ಸರಿಯಾಗಿ ಮಾಡಿಸುವುದಕ್ಕೂ ಎಷ್ಟು ಅಂತರ ಅಂತ ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಟೈರ್ ಅಂಗಡಿ, ಕಂಪನಿಯ ಸರ್ವಿಸ್ ಸೆಂಟರ್, ರೇಸ್ ಕಾರು ತಯಾರು ಮಾಡುವ ಗ್ಯಾರೇಜ್, ಕೊನೆಗೆ ಮನೆಯಲ್ಲೇ ದಾರ ಕಟ್ಟಿ ಅಳೆಯುವುದು, ಹೀಗೆ ನಾಲ್ಕನ್ನೂ ಇದೇ ಕಾರಿನ ಮೇಲೆ ಪ್ರಯೋಗಿಸಿದ್ದೇನೆ.

ಹೋಲಿಕೆಗೆ ಮೊದಲು ಒಂದು ವಿಷಯ. ಕಾರು ತಗ್ಗಿಸಿದರೆ ನೆಗೆಟಿವ್ ಕ್ಯಾಂಬರ್ ಜಾಸ್ತಿಯಾಗುತ್ತದೆ, ಅಂದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಟೈರ್ ಸವೆದಾಗ ಎಲ್ಲರೂ ಬೈಯುವುದು ಇದನ್ನೇ. ಆದರೆ ಒಂದೂವರೆ ಡಿಗ್ರಿ ಕ್ಯಾಂಬರ್ ಒಂದೇ ಇಷ್ಟು ಬೇಗ ಟೈರ್ ತಿನ್ನುವುದಿಲ್ಲ. ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ. ನನ್ನ ಕಾರು ತಗ್ಗಿದಾಗ ಮುಂದಿನ ಎರಡೂ ಚಕ್ರಗಳು ಹೊರಮುಖವಾಗಿದ್ದವು, ಒಂದೊಂದೂ 0.20 ಡಿಗ್ರಿ. ಓದಲು ಏನೂ ಅನ್ನಿಸದ ಸಂಖ್ಯೆ. ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಆ ಟೈರ್ ಮೂರೂವರೆ ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಚಕ್ರ ಒಳಕ್ಕೆ ವಾಲಿರುವುದರಿಂದ ಆ ಉಜ್ಜಾಟವೆಲ್ಲ ಒಳ ಅಂಚಿನ ಪಾಲಿಗೆ ಬೀಳುತ್ತದೆ.

ಮೊದಲು ಟೈರ್ ಅಂಗಡಿ. ಅಲ್ಲಿನ ಯಂತ್ರ ಚೆನ್ನಾಗಿತ್ತು. ಚಕ್ರಗಳಿಗೆ ಪ್ರತಿಫಲಕ ಫಲಕ ಕಟ್ಟಿ, ಕಂಬದ ಮೇಲಿನ ಕ್ಯಾಮೆರಾಗಳಿಂದ ಅಳೆಯುವ ಹೊಸ ಬಗೆಯದು. ಕಾರು ರ್‍ಯಾಂಪ್ ಹತ್ತುವಾಗ ಮುಂಬದಿಯ ತುಟಿ ಕಬ್ಬಿಣಕ್ಕೆ ತಾಗಿತು. ಹಲಗೆ ಇಡಿ ಅಂತ ಕೇಳಬೇಕಾಯಿತು. ಹುಡುಗ ಕಾರನ್ನು ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಉರುಳಿಸಿದ, ರಿಮ್ಮಿನ ಸೊಟ್ಟವನ್ನು ಯಂತ್ರ ಲೆಕ್ಕದಿಂದ ಕಳೆದುಕೊಂಡಿತು, ಪರದೆಯ ಮೇಲೆ ಕೆಂಪು ಹಸಿರು ಅಂಕಿಗಳು ಬಂದವು. ಸ್ಟೀರಿಂಗಿನಿಂದ ಮುಂದಿನ ಚಕ್ರಗಳಿಗೆ ಹೋಗುವ ಟೈ ರಾಡ್ ಎರಡನ್ನೂ ತಿರುಗಿಸಿ ಟೋ ಹಸಿರಾಗಿಸಿದ, ಅಂದರೆ ಕಂಪನಿಯ ಮಿತಿಯೊಳಗೆ ತಂದ. ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಯಿತು.

ಮುದ್ರಿಸಿ ಕೊಟ್ಟ ಹಾಳೆಯನ್ನು ಮನೆಗೆ ಬಂದು ಓದಿದೆ. ಮುಂದಿನ ಎಡಕ್ಕೆ ಕ್ಯಾಂಬರ್ -0.9, ಬಲಕ್ಕೆ -1.7. ಹಿಂದಿನ ಚಕ್ರಗಳನ್ನು ಮುಟ್ಟಿಯೇ ಇರಲಿಲ್ಲ. ಹೀಗೆ ಎರಡು ಬದಿ ಬೇರೆ ಬೇರೆ ಇದ್ದರೆ ಕಾರು ಕ್ಯಾಂಬರ್ ಕಡಿಮೆ ಇರುವ ಬದಿಗೆ ಎಳೆಯುತ್ತದೆ, ನನ್ನದೂ ಎಡಕ್ಕೆ ಎಳೆಯುತ್ತಿತ್ತು. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟ ನಿಲ್ಲುತ್ತಿತ್ತು. ಮರಳಿ ಹೋಗಿ ಕೇಳಿದಾಗ ಬಂದ ಉತ್ತರ: ಈ ಕಾರಿನಲ್ಲಿ ಕ್ಯಾಂಬರ್ ಅಡ್ಜಸ್ಟ್ ಆಗುವುದಿಲ್ಲ.

ಆಗುತ್ತದೆ. ಈ ಕಾರಿನ ಪ್ರತಿ ಕೆಳ ಆರ್ಮಿಗೂ ಎರಡೆರಡು ಕ್ಯಾಮ್ ಬೋಲ್ಟ್ ಇವೆ, ಒಟ್ಟು ಎಂಟು. ಬೋಲ್ಟಿನ ತಲೆಗಿರುವ ವಾಷರಿನ ತೂತು ನಟ್ಟನಡುವೆ ಇರದೆ ಪಕ್ಕಕ್ಕೆ ಸರಿದಿರುತ್ತದೆ. ಬೋಲ್ಟ್ ತಿರುಗಿಸಿದರೆ ಆರ್ಮ್ ಒಳಕ್ಕೋ ಹೊರಕ್ಕೋ ಜರುಗುತ್ತದೆ. ಎರಡನ್ನೂ ಒಟ್ಟಿಗೆ ಜರುಗಿಸಿದರೆ ಕ್ಯಾಂಬರ್, ಒಂದನ್ನು ಅತ್ತ ಒಂದನ್ನು ಇತ್ತ ಜರುಗಿಸಿದರೆ ಮುಂದೆ ಕ್ಯಾಸ್ಟರ್ (ಸ್ಟೀರಿಂಗಿಗೆ ಚಕ್ರ ತಿರುಗುವ ಅಕ್ಷ ಬದಿಯಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ), ಹಿಂದೆ ಟೋ. ಇಷ್ಟು ಸಲೀಸಾಗಿ ಹೊಂದಿಸಬಹುದಾದ ಕಾರುಗಳು ಕಡಿಮೆ. ಅದನ್ನೇ ಆಗದು ಅಂದಾಗ ನನಗೆ ನಿಜಕ್ಕೂ ಬೇಸರವಾಯಿತು. ಆ ಹುಡುಗನ ತಪ್ಪು ಅನ್ನಲಾರೆ. ದಿನಕ್ಕೆ ಹತ್ತಾರು ಕಾರು ಮಾಡುವವನಿಗೆ ಇಪ್ಪತ್ತು ನಿಮಿಷದ ಮೇಲೆ ಯಾರೂ ಸಮಯ ಕೊಡುವುದಿಲ್ಲ.

ಎರಡನೆಯದು ಸರ್ವಿಸ್ ಸೆಂಟರ್. ಕೆಲಸದ ಶಿಸ್ತಿನಲ್ಲಿ ಅಂಗಡಿಗಿಂತ ಎಷ್ಟೋ ಮೇಲು. ಟೈರಿನ ಗಾಳಿ ನೋಡಿದರು, ಹಿಂದಿನಿಂದ ಶುರು ಮಾಡಿದರು. ಹಿಂದಿನ ಎರಡು ಚಕ್ರ ಸೇರಿ ಯಾವ ಕಡೆ ತಳ್ಳುತ್ತವೆ ಅನ್ನುವುದರ ಮೇಲೆ ಮುಂದಿನ ಟೋ ನಿಲ್ಲಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಎಂದಿಗೂ ನೆಟ್ಟಗಾಗದು. ಅದು ಅವರಿಗೆ ಗೊತ್ತಿತ್ತು. ಎಂಟರಲ್ಲಿ ಒಂದು ಬೋಲ್ಟ್ ಆರ್ಮಿನ ರಬ್ಬರ್ ಬುಶ್‌ನೊಳಗಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿದೆ ಅಂತ ತೋರಿಸಿ ಹೇಳಿದರು. ಅದನ್ನು ಮೊದಲು ಹೇಳಿದವರು ಅವರೇ.

ಆದರೆ ಅವರ ಪುಸ್ತಕದಲ್ಲಿ ತಗ್ಗಿಸಿದ ಕಾರು ಅನ್ನುವುದೇ ಇಲ್ಲ. ನಾನು ಬರೆದು ಕೊಂಡೊಯ್ದ ಅಂಕಿಗಳನ್ನು ನೋಡಿ, ಕಂಪನಿಯ ಮಿತಿಯಾಚೆ ನಾವು ಇಡುವುದಿಲ್ಲ ಅಂದರು. ಅವರ ಜವಾಬ್ದಾರಿ ನೋಡಿದರೆ ಅದು ನ್ಯಾಯವೇ. ಫಲಿತಾಂಶ ಮಾತ್ರ ನನಗೆ ಒಗ್ಗಲಿಲ್ಲ. ಕ್ಯಾಂಬರ್ ಹಸಿರಿಗೆ ತರಲು ಮುಂದಿನ ಕ್ಯಾಮ್‌ಗಳನ್ನು ಕೊನೆಯವರೆಗೆ ತಿರುಗಿಸಿದ್ದರು, ಕ್ಯಾಸ್ಟರಿಗೆ ಜಾಗವೇ ಉಳಿದಿರಲಿಲ್ಲ. ಎಡಕ್ಕೆ 3.9, ಬಲಕ್ಕೆ 4.8. ತಿರುವು ಮುಗಿದ ಮೇಲೆ ತಾನಾಗಿ ಮರಳಬೇಕಾದ ಸ್ಟೀರಿಂಗ್ ಅರ್ಧಕ್ಕೇ ನಿಲ್ಲುತ್ತಿತ್ತು, ನಾನೇ ಕೈಯಿಂದ ತರಬೇಕಿತ್ತು. ಟೈರ್ ಉಳಿಯುತ್ತದೆ, ಆದರೆ ಈ ಕಾರನ್ನು ಯಾಕೆ ಇಷ್ಟಪಟ್ಟು ಇಟ್ಟುಕೊಂಡಿದ್ದೇನೋ ಆ ಗುಣವೇ ಹೋಗಿತ್ತು.

ಮೂರನೆಯದು ರೇಸ್ ಗ್ಯಾರೇಜ್. ಅಲ್ಲಿ ಯಂತ್ರಕ್ಕಿಂತ ಮೊದಲು ಪ್ರಶ್ನೆಗಳು ಬಂದವು. ಒಬ್ಬರೇ ಓಡಿಸುತ್ತೀರಾ, ಪಕ್ಕದಲ್ಲಿ ಯಾರಾದರೂ ಇರುತ್ತಾರಾ? ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಎಷ್ಟು ಪೆಟ್ರೋಲ್? ಟ್ರ್ಯಾಕ್ ಎಷ್ಟು, ರಸ್ತೆ ಎಷ್ಟು? ನಿಮ್ಮ ತೂಕ ಎಷ್ಟು? ಸಾವಿರ ಕಿಲೋ ಕಾರಿನಲ್ಲಿ ಎಪ್ಪತ್ತೈದು ಕಿಲೋ ಮನುಷ್ಯ ಒಂದು ಬದಿಗೆ ಕೂತರೆ ಎತ್ತರವೂ ಕೋನವೂ ಬದಲಾಗುತ್ತದೆ. ಹಿಂದಿನ ಎರಡೂ ಕಡೆ ಖಾಲಿ ಕಾರನ್ನೇ ಅಳೆದಿದ್ದರು. ಇಲ್ಲಿ ನನ್ನ ತೂಕದಷ್ಟು ಮರಳಿನ ಚೀಲ ಚಾಲಕನ ಸೀಟಿಗೆ ಬಂತು.

ಆಮೇಲೆ ಕಾರನ್ನು ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ನಂತರ ಎಡ ಬಲ ಹಿಡಿದು. ಬಾಲ್ ಜಾಯಿಂಟ್, ಬೇರಿಂಗ್, ಟೈ ರಾಡ್ ತುದಿ ಯಾವುದರಲ್ಲೂ ಸಡಿಲ ಇಲ್ಲ ಅಂತ ಖಾತ್ರಿಯಾದ ಮೇಲೇ ಮುಂದಿನ ಮಾತು. ಸಡಿಲ ಇರುವ ಕಾರಿಗೆ ಅಲೈನ್‌ಮೆಂಟ್ ಮಾಡಿದರೆ ಗೇಟು ದಾಟುವಷ್ಟರಲ್ಲಿ ಅಂಕಿ ಬದಲಾಗಿರುತ್ತದೆ.

ಅಂಟಿಕೊಂಡಿದ್ದ ಬೋಲ್ಟ್ ಬಿಡಿಸುವುದನ್ನು ಹತ್ತಿರ ನಿಂತು ನೋಡಿದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟಿದ್ದರು. ನಟ್ಟು ಸಡಿಲಿಸಿ, ಬೋಲ್ಟಿನ ತಲೆಗೆ ಉದ್ದ ಹಿಡಿಯ ಸ್ಪ್ಯಾನರ್ ಕೊಟ್ಟು, ಒಂದೇ ಕಡೆ ಬಲ ಹಾಕದೆ ಕೂದಲೆಳೆಯಷ್ಟು ಅತ್ತ, ಮತ್ತೆ ಇತ್ತ. ಮೊದಲು ಬೋಲ್ಟಿನ ಜೊತೆ ರಬ್ಬರೇ ತಿರುಚಿಕೊಂಡು ವಾಪಸ್ ಬರುತ್ತಿತ್ತು. ಸುಮಾರು ಹದಿನೈದನೇ ಸಲಕ್ಕೆ ‘ಟಕ್’ ಅಂತ ಒಂದು ಸದ್ದು, ಕಂದು ಪುಡಿ ಉದುರಿತು, ಬೋಲ್ಟ್ ಒಂಟಿಯಾಗಿ ತಿರುಗಿತು. ಹೊರಗೆ ತೆಗೆದು, ಒರೆಸಿ, ಗ್ರೀಸ್ ಬಳಿದು ಮತ್ತೆ ಹಾಕಿದರು. ಉಳಿದ ಏಳಕ್ಕೂ ಅದೇ ಉಪಚಾರ.

ಇನ್ನೊಂದು ತಪ್ಪೂ ಅಲ್ಲೇ ಸಿಕ್ಕಿತು, ಅದು ನನ್ನ ಕೈಯಿಂದ ಆದದ್ದು. ಕಾಯಿಲ್‌ಓವರ್ ಹಾಕುವಾಗ ಚಕ್ರ ನೇತಾಡುತ್ತಿದ್ದ ಸ್ಥಿತಿಯಲ್ಲೇ ಆರ್ಮಿನ ಬೋಲ್ಟ್‌ಗಳನ್ನೆಲ್ಲ ಬಿಗಿದಿದ್ದೆ. ಬುಶ್‌ನ ರಬ್ಬರ್ ಒಳಗಿನ ಕೊಳವೆಗೆ ಅಂಟಿರುತ್ತದೆ. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ನಿಂತು, ಇನ್ನೊಂದು ಸ್ಪ್ರಿಂಗಿನ ಹಾಗೆ ಕಾರನ್ನು ಎತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ. ಎಲ್ಲವನ್ನೂ ಸಡಿಲಿಸಿ, ಕಾರು ತನ್ನ ಭಾರದ ಮೇಲೆ ಕೂತಾಗ ಮತ್ತೆ ಬಿಗಿದರು. ಮುಂಭಾಗ ಕಣ್ಣೆದುರೇ 4 ಮಿ.ಮೀ. ಇಳಿಯಿತು. ಅಂದರೆ ಆವರೆಗಿನ ಎರಡೂ ಅಲೈನ್‌ಮೆಂಟ್‌ಗಳು ತಪ್ಪು ಎತ್ತರದಲ್ಲಿ ನಡೆದಿದ್ದವು. ಅಂಗಡಿಯವರನ್ನಷ್ಟೇ ದೂರಿದ್ದು ಸರಿಯಲ್ಲ ಅಂತ ಅಂದೇ ಅನ್ನಿಸಿತು.

ಬಳಿಕ ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ. ಎಡ ಬಲ ಚಕ್ರಗಳನ್ನು ಜೋಡಿಸುವ ಆಂಟಿ ರೋಲ್ ಬಾರಿನ ಕೊಂಡಿ ಬಿಚ್ಚಿ, ಕಾಯಿಲ್‌ಓವರ್ ತಿರುಗಣಿಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಕರ್ಣದ ತೂಕವನ್ನು (ಓರೆಯಾಗಿ ಎದುರಿರುವ ಎರಡು ಚಕ್ರಗಳ ಮೇಲೆ ಬೀಳುವ ಪಾಲು) 48.6 ರಿಂದ 50.1 ಶೇಕಡಕ್ಕೆ ತಂದರು. ಇದು ಅಲೈನ್‌ಮೆಂಟಿಗೆ ಮೊದಲೇ ಆಗಬೇಕು. ಆಮೇಲೆ ಎತ್ತರ ಮುಟ್ಟಿದರೆ ಕ್ಯಾಂಬರ್, ಟೋ ಎರಡೂ ಕೆಡುತ್ತವೆ. ಕೊನೆಗೆ ನಿಂತ ಅಂಕಿ: ಮುಂದೆ ಎರಡೂ ಕಡೆ ಕ್ಯಾಂಬರ್ -1.4, ಕ್ಯಾಸ್ಟರ್ 5.2, ಟೋ ಸೊನ್ನೆ. ಹಿಂದೆ ಕ್ಯಾಂಬರ್ -1.6, ಒಟ್ಟು ಟೋ 0.20 ಡಿಗ್ರಿ ಒಳಕ್ಕೆ. ಬೋಲ್ಟ್ ಬಿಡಿಸಿದ ಹೊತ್ತು ಬಿಟ್ಟು ನಾಲ್ಕು ಗಂಟೆಯ ಕೆಲಸ.

ಮನೆಗೆ ಬರುವ ದಾರಿಯಲ್ಲಿ ಮೊದಲ ದೊಡ್ಡ ತಿರುವಿಗೇ ವ್ಯತ್ಯಾಸ ಗೊತ್ತಾಯಿತು. ಸ್ಟೀರಿಂಗ್ ತಿರುಗಿಸಿದಷ್ಟಕ್ಕೇ ಕಾರು ತಿರುಗಿತು, ಬಿಟ್ಟಾಗ ಮೆಲ್ಲಗೆ ನೇರಕ್ಕೆ ಬಂತು. ಬ್ರೇಕ್ ಒತ್ತಿದಾಗ ಮೂಗು ಅಲುಗಲಿಲ್ಲ. ಈ ಕಾರು ಹೀಗೂ ಇರುತ್ತದೆಯೇ ಅಂತ ಸುಮ್ಮನೆ ಇನ್ನೂ ಮೂವತ್ತು ಕಿಲೋಮೀಟರ್ ಓಡಿಸಿದೆ.

ನಾಲ್ಕನೆಯದು ದಾರ. ರೇಸ್ ಗ್ಯಾರೇಜಿಗೆ ಪದೇ ಪದೇ ಹೋಗುವುದು ಆಗದ ಮಾತು, ಗುಂಡಿಯೊಂದಕ್ಕೆ ಜೋರಾಗಿ ಬಿದ್ದ ಮೇಲೆ ಟೋ ಹಾಗೇ ಇದೆಯೇ ಅಂತ ನೋಡಿಕೊಳ್ಳಲು ಏನಾದರೂ ಬೇಕಿತ್ತು. ಎರಡು ಅಲ್ಯೂಮಿನಿಯಂ ಪೈಪಿಗೆ ಒಂದೇ ಅಂತರದಲ್ಲಿ ಕಚ್ಚು ಹಾಕಿ, ಒಂದನ್ನು ಕಾರಿನ ಮುಂದೆ, ಒಂದನ್ನು ಹಿಂದೆ ಸ್ಟ್ಯಾಂಡಿನ ಮೇಲಿಟ್ಟು, ಮೀನುಗಾಳದ ದಾರವನ್ನು ಚಕ್ರದ ನಡುಮಟ್ಟಕ್ಕೆ ಎರಡೂ ಬದಿ ಬಿಗಿಯಬೇಕು. ನಾನು ಮೊದಲ ದಿನ ಎಡವಿದ್ದು ಇಲ್ಲೇ. ನಾಲ್ಕೂ ಹಬ್ಬಿನಿಂದ ದಾರಕ್ಕೆ ಒಂದೇ ಅಂತರ ಇರಬೇಕು ಅಂದುಕೊಂಡಿದ್ದೆ. ಈ ಕಾರಿನ ಹಿಂದಿನ ಟ್ರ್ಯಾಕ್, ಅಂದರೆ ಎಡ ಬಲ ಚಕ್ರಗಳ ನಡುವಿನ ಅಂತರ, ಮುಂದಿನದಕ್ಕಿಂತ ಸುಮಾರು ಇಪ್ಪತ್ತೈದು ಮಿ.ಮೀ. ಅಗಲ. ಸಮವಾಗಬೇಕಾದದ್ದು ಎಡಕ್ಕೂ ಬಲಕ್ಕೂ; ಮುಂದಕ್ಕೂ ಹಿಂದಕ್ಕೂ ಅಲ್ಲ.

ದಾರ ನಿಂತ ಮೇಲೆ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಉಕ್ಕಿನ ಸ್ಕೇಲಿನಲ್ಲಿ ಅಳತೆ. ಮುಂದಿನದು ಹೆಚ್ಚಿದ್ದರೆ ಟೋ ಒಳಕ್ಕೆ. 15 ಇಂಚಿನ ರಿಮ್ಮಿನಲ್ಲಿ ಅರ್ಧ ಮಿ.ಮೀ. ಅಂದರೆ 0.075 ಡಿಗ್ರಿ. ಬರಿಗಣ್ಣಿಗೆ ಸಿಗುವುದು ಅಷ್ಟೇ, ಆದರೆ ಟೈರ್ ಕಾಪಾಡಲು ಅದು ಧಾರಾಳ ಸಾಕು. ಮುಂದಿನ ಚಕ್ರಗಳಡಿ ಗ್ರೀಸ್ ಹಚ್ಚಿ ಜೋಡಿಸಿದ ಎರಡೆರಡು ನುಣುಪು ಟೈಲ್ಸ್ ಇಟ್ಟರೆ ಚಕ್ರ ಹಿಡಿದುಕೊಳ್ಳದೆ ಜಾರುತ್ತದೆ. ಜ್ಯಾಕ್‌ನಿಂದ ಇಳಿಸಿದ ಕೂಡಲೇ ಅಳೆಯಬೇಡಿ: ಚಕ್ರ ಒಳಕ್ಕೆ ಎಳೆದುಕೊಂಡು ಕಾರು ಎತ್ತರದಲ್ಲೇ ನಿಂತಿರುತ್ತದೆ. ಟೈಲ್ಸ್ ಇಲ್ಲದಿದ್ದರೆ ಕೆಲವು ಮೀಟರ್ ಉರುಳಿಸಿ, ಮೂಲೆಗಳನ್ನು ಒತ್ತಿ ಬಿಡಿ.

ಕ್ಯಾಂಬರಿಗೆ ದಾರ ಸಾಲದು, ಡಿಜಿಟಲ್ ಕೋನಮಾಪಕ ಬೇಕು, ನೆಲವೂ ಮಟ್ಟವಾಗಿರಬೇಕು. ಎಡ ಬಲ ಚಕ್ರಗಳ ನಡುವೆ ನೆಲ 3 ಮಿ.ಮೀ. ಏರಿಳಿದರೂ 0.12 ಡಿಗ್ರಿ ಸುಳ್ಳು ಬರುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡಿ, ತಗ್ಗಿನ ಕಡೆ ತೆಳು ಹಲಗೆ ಕೊಟ್ಟೆ. ಕ್ಯಾಸ್ಟರ್ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ ಅನ್ನುತ್ತೇನೆ. ಚಕ್ರವನ್ನು ಇಪ್ಪತ್ತು ಡಿಗ್ರಿ ಅತ್ತ, ಇಪ್ಪತ್ತು ಇತ್ತ ತಿರುಗಿಸಿ ಕ್ಯಾಂಬರಿನ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಬರುತ್ತದೆ ನಿಜ, ಆದರೆ ಅಳತೆಯ ಸಣ್ಣ ತಪ್ಪೂ ಅಷ್ಟೇ ಗುಣಿಸಿ ಬರುತ್ತದೆ.

ಮೊದಲ ಸಲ ಶನಿವಾರ ಭಾನುವಾರ ಎರಡೂ ದಿನ ಹೋಯಿತು. ಈಗ ಒಂದೂವರೆ ಗಂಟೆ. ನನ್ನ ಅಳತೆಯ ಮೇಲೆ ನಂಬಿಕೆ ಬರಲಿ ಅಂತ ಮತ್ತೆ ಅದೇ ಟೈರ್ ಅಂಗಡಿಗೆ ಹೋಗಿ, ಏನೂ ಮುಟ್ಟಬೇಡಿ, ಅಳೆದು ಹಾಳೆ ಕೊಡಿ ಸಾಕು ಅಂದೆ. ಮುಂದಿನ ಒಟ್ಟು ಟೋದಲ್ಲಿ ದಾರಕ್ಕೂ ಯಂತ್ರಕ್ಕೂ ಬಂದ ವ್ಯತ್ಯಾಸ 0.04 ಡಿಗ್ರಿ.

ಹಾಗಾಗಿ ಯಾರಾದರೂ ಕೇಳಿದರೆ ನನ್ನ ಉತ್ತರ ಇದು. ತಗ್ಗಿಸಿದ ಮೇಲೆ ಮೊದಲ ಅಲೈನ್‌ಮೆಂಟ್ ರೇಸ್ ಗ್ಯಾರೇಜಿನಲ್ಲೇ ಆಗಲಿ, ಹೊಸ ಸ್ಪ್ರಿಂಗ್ ಕೂತುಕೊಳ್ಳಲು ಕೆಲವು ನೂರು ಕಿಲೋಮೀಟರ್ ಓಡಿಸಿದ ನಂತರ. ಹತ್ತಿರದಲ್ಲಿ ಅಂಥದ್ದಿಲ್ಲದಿದ್ದರೆ ಟೈರ್ ಅಂಗಡಿಯೇ ಆಗಲಿ, ಆದರೆ ಬೋಲ್ಟ್‌ಗಳನ್ನು ನೀವೇ ಮೊದಲು ಬಿಡಿಸಿ ಗ್ರೀಸ್ ಹಚ್ಚಿಕೊಂಡು, ಬೇಕಾದ ಅಂಕಿ ಬರೆದುಕೊಂಡು, ಜನ ಕಡಿಮೆ ಇರುವ ಹೊತ್ತಿಗೆ ಹೋಗಿ ಸೀಟಿನಲ್ಲಿ ನೀವೇ ಕೂತಿರಿ. ಎಡ ಬಲ ಸಮ ಇರಲಿ ಅನ್ನುವುದನ್ನು ಹಸಿರು ಬಣ್ಣಕ್ಕಿಂತ ಮುಂದಿಡಿ. ಸರ್ವಿಸ್ ಸೆಂಟರ್ ಮೂಲ ಎತ್ತರದ ಕಾರಿಗೆ ಒಳ್ಳೆಯದು, ತಗ್ಗಿಸಿದ್ದಕ್ಕೆ ನಾನು ಮತ್ತೆ ಹೋಗುವುದಿಲ್ಲ. ಟೋ ಮೇಲೆ ಕಣ್ಣಿಡಲು ದಾರಕ್ಕಿಂತ ಬೇರೆ ಬೇಕಿಲ್ಲ.

ಆ ಗ್ಯಾರೇಜಿನ ಕೆಲಸದ ವಾರವೇ ಮುಂದೆ ಹೊಸ ಟೈರ್ ಹಾಕಿಸಿದ್ದೆ. ಈಗ 12,000 ಕಿ.ಮೀ. ದಾಟಿದೆ. ಹೋದ ವಾರ ಎಡಗಡೆಯದರ ಪಟ್ಟೆಯ ಆಳ ಅಳೆದೆ: ಒಳ ಅಂಚು 4.6 ಮಿ.ಮೀ., ಹೊರ ಅಂಚು 4.9.