ಪೆಂಟಾಕ್ಸ್ ಕೆ-3 ಮಾರ್ಕ್ 3 ಮೊನೊಕ್ರೋಮ್: ಬರೀ ಕಪ್ಪು ಬಿಳುಪಿನ ಕ್ಯಾಮೆರಾ ಒಂದು ವಾರ ಬಳಸಿದ್ಮೇಲೆ

"ಕಲರೇ ಬರಲ್ಲ ಅಂದ್ರೆ ಯಾರ್ ತಗೋತಾರೆ ಸಾರ್, ನಾವ್ ತರ್ಸೋದೇ ಇಲ್ಲ" ಅಂತ ಬೆಂಗಳೂರಲ್ಲಿ ಒಂದು ಕ್ಯಾಮೆರಾ ಅಂಗಡೀಲಿ ಹೇಳಿ ಕಳ್ಸಿದ್ರು. ಕೊನೆಗೆ ನಮ್ಮ ಭಾವ ಹೊರದೇಶದಿಂದ ತಂದಿದ್ದನ್ನೇ ಒಂದು ವಾರಕ್ಕೆ ಇಸ್ಕೊಂಡೆ.

2023ರಲ್ಲಿ ಬಂದಿದ್ದು ಇದು, 25.7 ಮೆಗಾಪಿಕ್ಸೆಲ್. ಮಾಮೂಲಿ ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯೋ ಸೆನ್ಸರ್ ಮೇಲೆ ಕೆಂಪು ಹಸಿರು ನೀಲಿ ಫಿಲ್ಟರ್ ಇರತ್ತೆ, ಒಂದೊಂದು ಪಿಕ್ಸೆಲ್ಲೂ ಒಂದೇ ಬಣ್ಣ ಹಿಡ್ದು ಮಿಕ್ಕಿದ್ದನ್ನ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಲೆಕ್ಕ ಹಾಕ್ಕೊಳ್ಳತ್ತೆ. ಇದ್ರಲ್ಲಿ ಆ ಫಿಲ್ಟರೇ ಇಲ್ಲ, ಬಿದ್ದ ಬೆಳಕೆಲ್ಲಾ ನೇರ ಒಳಗೆ. ಅಪ್ಪನ ಹಳೇ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾದ 50 ಎಂಎಂ ಲೆನ್ಸ್ ಇದಕ್ಕೆ ಹಾಗೇ ಕೂರತ್ತೆ, ಅದನ್ನೇ ಹಾಕ್ಕೊಂಡು ಬೆಳಗಿನ ಜಾವ ಐದಕ್ಕೆ ಕೆ.ಆರ್. ಮಾರ್ಕೆಟ್ ಹೂವಿನ ಸಾಲಿಗೆ ಹೋದೆ.

ಬಲ್ಬಿನ ಬೆಳಕು, ಐಎಸ್ಓ (ಮಂದ ಬೆಳಕಲ್ಲಿ ತೆಗೆಯೋಕೆ ಏರಿಸೋ ಸೆಟ್ಟಿಂಗ್) 6400, ಒಬ್ರು ಅಜ್ಜಿ ಕನಕಾಂಬರ ಕಟ್ತಾ ಇದ್ರು. ಮನೇಲಿ ದೊಡ್ಡದು ಮಾಡಿ ನೋಡಿದ್ರೆ ಬೆರಳಿಗೆ ಸುತ್ಕೊಂಡಿರೋ ಬಾಳೆನಾರಿನ ಒಂದೊಂದು ಎಳೇನೂ ಕಾಣತ್ತೆ, ಉಗುರಿನ ಸಂದೀಲಿ ಸಿಕ್ಕಿದ್ದ ಎಲೆ ಚೂರು ಕೂಡ, ಸಣ್ಣ ಕಾಳಿನಂಥ ಗ್ರೇನ್ ಇದೆ ಆದ್ರೆ ಕಲರ್ ಫೋಟೋದಲ್ಲಿ ಬರೋ ಆ ಬಣ್ಣಬಣ್ಣದ ಕೊಳಕು ಚುಕ್ಕಿ, ಅಂದ್ರೆ ನಾಯ್ಸ್, ಇಲ್ವೇ ಇಲ್ಲ, ನೋಡಿ ಸುಮ್ನೆ ಕೂತ್ಬಿಟ್ಟೆ.

ಆದ್ರೆ ಅಲ್ಲೇ ಸ್ಕ್ರೀನಲ್ಲಿ ತೋರಿಸ್ದಾಗ ಅಜ್ಜಿ "ಹೂವ್ಯಾವ್ದು ಎಲೆಯಾವ್ದು ಗೊತ್ತೇ ಆಗಲ್ವಲ್ಲಪ್ಪ" ಅಂದ್ರು. ನಿಜ, ಎರಡೂ ಒಂದೇ ಬೂದಿ ಬಣ್ಣ. ಕಲರ್ ಫೈಲ್ ಆಗಿದ್ರೆ ಆಮೇಲೆ ಕಂಪ್ಯೂಟರಲ್ಲಿ ಸರಿ ಮಾಡ್ಬೋದಿತ್ತು, ಇದ್ರಲ್ಲಿ ಆಗಲ್ಲ, ತೆಗೆಯೋ ಮೊದ್ಲೇ ಯೋಚನೆ ಮಾಡ್ಬೇಕು. ಮಾರನೇ ದಿನ ಅಪ್ಪನ ಡಬ್ಬಿಯಿಂದ ಕಿತ್ತಳೆ ಬೆಳಕನ್ನ ಬಿಟ್ಟು ಹಸಿರನ್ನ ತಡೆಯೋ ಕಿತ್ತಳೆ ಫಿಲ್ಟರ್ ಹುಡುಕಿ ಲೆನ್ಸಿಗೆ ಹಾಕ್ದೆ, ಹೂವು ಬೆಳ್ಳಗೆ ಎದ್ದು ಬಂತು, ಎಲೆ ಕಪ್ಪಗೆ ಹಿಂದೆ ಸರೀತು. ಅಜ್ಜಿ ಈ ಸಲ ಫೋನಿಗೆ ಕಳ್ಸು ಅಂದ್ರು.

ವ್ಯೂಫೈಂಡರ್ ಕನ್ನಡಿದು, ಅಂದ್ರೆ ಕಣ್ಣಿಟ್ಟಾಗ ಎಲ್ಲಾ ಕಲರಲ್ಲೇ ಕಾಣತ್ತೆ, ಅಭ್ಯಾಸ ಆಗೋಕೆ ಎರಡು ದಿನ ಬೇಕು. ಬೆಳಕು ಜಾಸ್ತಿ ಬಿದ್ದು ಬಿಳಿ ಸುಟ್ಟೋದ್ರೆ ವಾಪಸ್ ತರೋಕಾಗಲ್ಲ, ಅದಕ್ಕೆ ನಾನು ಒಂದು ಸ್ಟಾಪ್ ಕಮ್ಮಿ, ಅಂದ್ರೆ ಅರ್ಧದಷ್ಟೇ ಬೆಳಕು ಇಟ್ಟೇ ತೆಗ್ದೆ, ನೆರಳಿನ ಭಾಗ ಆಮೇಲೆ ಚೆನ್ನಾಗಿ ಎತ್ಬೋದು.

ಇನ್ನು ಯಾರ್ ತಗೋತಾರೆ ಅನ್ನೋ ಮಾತು. ಜರ್ಮನಿಯ ಕ್ಯಾಮೆರಾ ಕಂಪನಿ ಲೈಕಾದವರು 2012ರಲ್ಲಿ ಇದೇ ಥರ ಬರೀ ಕಪ್ಪು ಬಿಳುಪಿನ, 18 ಮೆಗಾಪಿಕ್ಸೆಲ್ ಎಂ ಮೊನೊಕ್ರೋಮ್ ತಂದ್ರು, 2015, 2020, 2023 ಅಂತ ಬಿಡದೆ ಹೊಸದು ಮಾಡ್ತಾನೇ ಬಂದ್ರು, ಈಗ 60 ಮೆಗಾಪಿಕ್ಸೆಲ್‌ಗೆ ಬಂದಿದೆ. ಕೊಳ್ಳೋರೇ ಇಲ್ದಿದ್ರೆ ಮಾಡ್ತಿದ್ರಾ? ಜನ ಕಮ್ಮಿ ಇರ್ಬೋದು, ಆದ್ರೆ ಇದ್ದಾರೆ. ಫೋಟೋ ಪತ್ರಕರ್ತ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಫೋಟೋ ನೋಡಿ ಬೆಳೆದ ಊರಿನೋರು ನಾವು, ನಮಗೆ ಆಸೆ ಇಲ್ಲ ಅಂದ್ಕೋಬೇಡಿ, ಕೈಗೆಟಕೋ ಬೆಲೇಲಿ ಒಂದು ಬರ್ಲಿ ಅಷ್ಟೇ.

ಭಾನುವಾರ ವಾಪಸ್ ಕೊಡುವಾಗ ಹೇಳಿ ಬಂದಿದ್ದೀನಿ, ಭಾವ, ಮಾರೋದಾದ್ರೆ ಮೊದ್ಲು ನಂಗೇ ಹೇಳಿ.